ಡಿ ಡ್ರೈವಿನ ಹೆಸರು

ದಿವ್ಯಾ ಅಂಗಡಿಯೊಳಗೆ ಕಾಲಿಟ್ಟಾಗ ಅವಳ ಕಂಪ್ಯೂಟರು ಹಿಂದಿ ಸಿನಿಮಾದ ಹಾಡು ಹಾಡುತ್ತಿತ್ತು. ಆ ಮಷೀನಿನಲ್ಲಿ ಹಾಡು ಅಂತ ಒಂದೂ ಇರಲಿಲ್ಲ. ಮದುವೆ ಕಾರ್ಡು, ಉಪನಯನದ ಕಾರ್ಡು, ಸೊಸೈಟಿಯ ವರದಿ, ಇಷ್ಟು ಬಿಟ್ಟು ಬೇರೆ ಎಂತದೂ ತುಂಬಬಾರದು ಅಂತ ಅವಳೇ ಕಟ್ಟುನಿಟ್ಟು ಮಾಡಿದ್ದಳು. ಕುರ್ಚಿಯಲ್ಲಿ ಚಿರಂತನ ಕಾಲು ಚಾಚಿ ಕೂತಿದ್ದ. ಅಂಗಡಿಯ ಯಜಮಾನ ಅನಂತಮೂರ್ತಿಯ ಅಕ್ಕನ ಮಗ. ಹುಬ್ಬಳ್ಳಿಯಲ್ಲಿ ಹಾರ್ಡ್‌ವೇರ್ ಕೋರ್ಸ್ ಮುಗಿಸಿ ಬಂದು ಶಿರಸಿಯ ಪೇಟೆಯಲ್ಲಿ ಯಾರ ಕಂಪ್ಯೂಟರು ಕೆಟ್ಟರೂ ಸ್ಕ್ರೂಡ್ರೈವರ್ ಹಿಡಿದು ಓಡುವವನು.

"ಬಂದ್ಯಾ? ನೋಡು, ಹೊಸ ಮಷೀನಿನ ಥರ ಓಡ್ತಾ ಇದೆ ಈಗ" ಅಂದ.

ಪರದೆ ಪೂರ್ತಿ ಬದಲಾಗಿತ್ತು. ಅವಳು ಹಾಕಿಟ್ಟಿದ್ದ ಚಿತ್ರವಿಲ್ಲ, ಫೋಲ್ಡರುಗಳಿಲ್ಲ. ವಿಂಡೋಸ್ ಆಗಷ್ಟೇ ಹಾಕಿದಾಗ ಬರುವ ಬೋಳು ಹಸಿರುನೀಲಿ ಬಣ್ಣ. ಅವಳು ಅವನ ಕೈಯಿಂದ ಮೌಸ್ ಕಿತ್ತುಕೊಂಡು ಮೈ ಕಂಪ್ಯೂಟರ್ ತೆರೆದಳು. ಸಿ ಇತ್ತು. ಅದರ ಪಕ್ಕ ಸಿ.ಡಿ. ಡ್ರೈವಿನ ಚಿತ್ರ. ನಡುವೆ ಇರಬೇಕಾದ ಡಿ ಇರಲಿಲ್ಲ.

"ಡಿ ಎಲ್ಲಿ?"

"ಎರಡೂ ಸೇರಿಸಿ ಒಂದೇ ಮಾಡಿದೆ. ಸುಮ್ಮನೆ ಎರಡು ಪಾರ್ಟಿಷನ್ ಮಾಡಿ ಜಾಗ ಹಾಳು ಮಾಡಿಟ್ಟಿದ್ದೆ ನೀನು. ವೈರಸ್ ಬೇರೆ ತುಂಬಿತ್ತು. ಫಾರ್ಮ್ಯಾಟ್ ಹೊಡೆದೆ, ಕ್ಲೀನ್."

ಹಾಡು ಇನ್ನೂ ಹಾಡುತ್ತಲೇ ಇತ್ತು. ದಿವ್ಯಾ ಬಗ್ಗಿ ಗೋಡೆಯ ಪ್ಲಗ್ಗನ್ನೇ ಕಿತ್ತು ಎಸೆದಳು.

ಆ ಡಿ ಡ್ರೈವಿನಲ್ಲಿ ಅವಳ ಅಪ್ಪನ ಅಕ್ಷರಗಳಿದ್ದವು.

ಅಪ್ಪ ತಿಮ್ಮ ಎಕ್ಕಂಬಿಯವನು. ಊರಲ್ಲಿ ಒಂದಿಷ್ಟು ಗದ್ದೆ ಇದ್ದರೂ ಅವನ ಕೈ ಒಲಿದಿದ್ದು ಬ್ರಶ್ಶಿಗೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಪೇಟೆಗಳಲ್ಲಿ ಒಂದು ಕಾಲಕ್ಕೆ ಅಂಗಡಿ ಬೋರ್ಡು ಅಂದರೆ ತಿಮ್ಮನ ಬೋರ್ಡು. ಬಸ್ಸಿನ ಹಣೆ, ಕಿರಾಣಿ ಅಂಗಡಿಯ ಬಾಗಿಲು, ಶಾಲೆಯ ಗೋಡೆ, ಎಲ್ಲಿ ಬರೆದರೂ ಅವನ 'ಳ' ಒಂದು ಸುತ್ತು ಹಾಕಿ, ಕೊನೆಗೆ ಬಾಲ ಮೇಲೆತ್ತಿ ನಿಲ್ಲುತ್ತಿತ್ತು. ತಲೆಕಟ್ಟನ್ನು ಅವನು ನೆಟ್ಟಗೆ ಎಳೆಯುತ್ತಿರಲಿಲ್ಲ, ಬ್ರಶ್ಶು ಒತ್ತಿ ಹಗುರ ಬಿಟ್ಟು ಎತ್ತುತ್ತಿದ್ದ. ದೂರದಿಂದ ನೋಡಿದವರಿಗೂ ಇದು ತಿಮ್ಮನ ಕೈ ಅಂತ ಗೊತ್ತಾಗುತ್ತಿತ್ತು. ಆಮೇಲೆ ಕೈ ನಡುಗಲು ಶುರುವಾಯಿತು. ಮೊದಲು ಸಂಜೆ ಹೊತ್ತಿಗೆ ಮಾತ್ರ, ಬರಬರುತ್ತ ಚಹಾದ ಲೋಟ ಹಿಡಿದರೂ ಚೆಲ್ಲುವಷ್ಟು.

ಅನಂತಮೂರ್ತಿಯ ಡಿಟಿಪಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ದಿವ್ಯಾಗೆ ಕನ್ನಡದ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಕಟ್ಟುವುದು ಹೇಗೆಂದು ಗೊತ್ತಾಯಿತು. ಅಪ್ಪನ ಕೈ ಬೆಳಿಗ್ಗೆ ಎದ್ದ ಸ್ವಲ್ಪ ಹೊತ್ತು ಸುಮ್ಮನಿರುತ್ತಿತ್ತು. ಆ ಹೊತ್ತಿಗೆ ಹಳೆ ಪೇಪರು ಹಾಸಿ, ಕಪ್ಪು ಬಣ್ಣ ಕಲಸಿ ಕೂರಿಸುತ್ತಿದ್ದಳು. ಒಂದು 'ಜ' ಸರಿಯಾಗಿ ಬರಬೇಕಾದರೆ ಒಂದು ರಾಶಿ ಪೇಪರು ಹಾಳಾಗುತ್ತಿತ್ತು. ಚೆನ್ನಾಗಿ ಬಂದದ್ದನ್ನು ಅಂಗಡಿಗೆ ಒಯ್ದು ಸ್ಕ್ಯಾನ್ ಮಾಡಿ, ಅಂಚು ತಿದ್ದಿ, ಟೈಪ್ ಮಾಡಲು ಬರುವ ಫಾಂಟಾಗಿ ಜೋಡಿಸುತ್ತ ಡಿ ಡ್ರೈವಿನಲ್ಲಿ ಇಡುತ್ತಿದ್ದಳು. ಮನೆಗೆ ತಂದ ಪೇಪರುಗಳನ್ನು ಅವ್ವ ದ್ಯಾವಮ್ಮ ಬಚ್ಚಲ ಒಲೆಗೆ ಹಾಕುತ್ತಿದ್ದಳು. ಹಾಕಲಿ ಅಂತ ದಿವ್ಯಾ ಸುಮ್ಮನಿದ್ದಳು, ಅಕ್ಷರ ಡಿಸ್ಕಿನಲ್ಲಿದೆಯಲ್ಲ ಅಂತ. ಸ್ವರ, ವ್ಯಂಜನ, ಕಾಗುಣಿತ ಮುಗಿದು ಒತ್ತಕ್ಷರಗಳೂ ಹೆಚ್ಚುಕಡಿಮೆ ತೀರುವ ಹೊತ್ತಿಗೆ ಬೆಳಗಿನ ಆ ಸ್ವಲ್ಪ ಹೊತ್ತೂ ಹೋಯಿತು. ತಿಮ್ಮ ಬ್ರಶ್ಶು ಹಿಡಿಯುವುದನ್ನೇ ಬಿಟ್ಟ.

ಡಿಸ್ಕು ಹುಷಾರಿಲ್ಲ ಅನ್ನುವುದು ಅವಳಿಗೆ ಗೊತ್ತಿಲ್ಲದ್ದಲ್ಲ. ಕರೆಂಟು ಹೋಗಿ ಬಂದಾಗಲೆಲ್ಲ ಕಂಪ್ಯೂಟರು ನೀಲಿ ಪರದೆ ತೋರಿಸಿ ಸ್ಕ್ಯಾನ್‌ಡಿಸ್ಕ್ ಓಡಿಸುತ್ತಿತ್ತು. ಸಣ್ಣ ಸಣ್ಣ ಚೌಕ ತುಂಬುತ್ತ ಹೋಗಿ ಅಲ್ಲಲ್ಲಿ ಬಿ ಅನ್ನುವ ಅಕ್ಷರ ಮೂಡುತ್ತಿತ್ತು. ಅಂದರೆ ಅಷ್ಟು ಜಾಗ ಸತ್ತಿದೆ, ಅಲ್ಲಿ ಇನ್ನು ಏನೂ ಬರೆಯಲಾಗುವುದಿಲ್ಲ ಎಂದು. ಬಿ ಹೆಚ್ಚುತ್ತಿದ್ದವು. ಸ್ಕ್ಯಾನ್ ಮಾಡಿದ ಚಿತ್ರಗಳು ಫ್ಲಾಪಿಯಲ್ಲಿ ಹಿಡಿಯುವಂಥವಲ್ಲ, ಫಾಂಟು ಹಿಡಿಯುತ್ತಿತ್ತು, ಆದರೆ ಅದು ಪೂರ್ತಿಯಾಗಲಿ ಅಂತ ಬಿಟ್ಟಿದ್ದಳು. "ಒಂದು ಸಿ.ಡಿ. ಬರೆಯೋ ಡ್ರೈವ್ ತನ್ನಿ ಸರ್, ಇಲ್ಲದಿದ್ರೆ ಇನ್ನೊಂದು ಡಿಸ್ಕಾದ್ರೂ ಹಾಕ್ಸಿ" ಅಂತ ಅನಂತಮೂರ್ತಿಯ ಹಿಂದೆ ಬಿದ್ದು ಬಿದ್ದು ಸಾಕಾಗಿತ್ತು. ಯಾವಾಗಲೂ ಮುಂದಿನ ತಿಂಗಳು, ಅವನದು ಅದೊಂದೇ ಉತ್ತರ. "ಬಪ್ಪ ತಿಂಗಳು ನೋಡ್ವ."

ಈಗ ಅಪ್ಪನನ್ನು ಹುಬ್ಬಳ್ಳಿಯ ಡಾಕ್ಟರಿಗೆ ತೋರಿಸಿಕೊಂಡು ಬರಲು ರಜೆ ಹಾಕಿದ್ದಳು. ಡಾಕ್ಟರು ಅಪ್ಪನ ಕೈ ಹಿಡಿದು ನೋಡಿ, ಇದು ವಾಸಿಯಾಗುವ ಕಾಯಿಲೆಯಲ್ಲ, ಗುಳಿಗೆ ತಗೊಂಡರೆ ಸ್ವಲ್ಪ ತಗ್ಗೀತು ಅಂದಿದ್ದರು. ಆ ಮಾತು ಕೇಳಿಕೊಂಡು ಬಂದರೆ ಇಲ್ಲಿ ಇದು.

"ಪ್ಲಗ್ ಯಾಕೆ ಕೀಳ್ತೀಯೆ ಮಾರಾಯ್ತಿ? ಡಿಸ್ಕ್ ಹಾಳಾಗ್ತದೆ" ಅಂದ ಚಿರಂತನ.

"ಹಾಳಾಗ್ತದೆ?" ದಿವ್ಯಾಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ಡಿಯಲ್ಲಿ ಎಂತ ಇತ್ತು ಅಂತ ನಿಂಗೆ ಗೊತ್ತಿರ್ಲಿಲ್ವಾ? ನನ್ನ ಕೇಳಬೇಕು ಅಂತ ಅನ್ನಿಸ್ಲಿಲ್ವಾ?"

"ನೀನು ಊರಲ್ಲಿ ಇರ್ಲಿಲ್ಲ. ಕಾರ್ಡಿನ ಕೆಲಸ ನಿಂತಿತ್ತು. ಮಾವ ಸರಿ ಮಾಡು ಅಂದ."

ಅನಂತಮೂರ್ತಿ ಕೌಂಟರಿನ ಹಿಂದಿನಿಂದ ಎದ್ದು ಬಂದ. ಒಳ್ಳೆಯ ಮನುಷ್ಯನೇ, ಆದರೆ ಜಗಳದ ವಾಸನೆ ಬಂದರೆ ಕನ್ನಡಕ ಒರೆಸುತ್ತ ನಿಲ್ಲುವವನು. ಈಗಲೂ ಒರೆಸಿದ. "ಆದದ್ದು ಆತು ದಿವ್ಯಾ. ಕಂಪ್ಯೂಟರ್ ಅಂದ್ರೆ ಇದೆಲ್ಲ ಇದ್ದದ್ದೇ. ಇನ್ನೊಂದ್ಸಲ ಮಾಡಿದ್ರೆ ಆತಪ್ಪ."

ಇನ್ನೊಂದು ಸಲ! ಇನ್ನೊಂದು ಮಾತಾಡಿದ್ದರೆ ಅವಳ ಕೈಯೇ ಏಳುತ್ತಿತ್ತೇನೋ. ಮೇಜಿನ ಮೇಲಿದ್ದ ಚಿರಂತನನ ಸ್ಕ್ರೂಡ್ರೈವರನ್ನೇ ಎತ್ತಿಕೊಂಡು ಡಬ್ಬಿ ಬಿಚ್ಚಿದಳು, ವೈರು ಕಿತ್ತಳು, ಹಾರ್ಡ್ ಡಿಸ್ಕನ್ನು ದುಪ್ಪಟ್ಟಾದಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು.

"ಅದು ಅಂಗಡಿ ಸಾಮಾನು!" ಚಿರಂತನ ಅಡ್ಡ ಬಂದ.

"ಪೊಲೀಸರಿಗೆ ಫೋನ್ ಮಾಡು. ನಾನು ಹೇಳ್ತೇನೆ ಅವರ ಹತ್ರ, ಎಂತ ಕದ್ದೆ ಅಂತ."

ಅನಂತಮೂರ್ತಿ ಅಳಿಯನ ತೋಳು ಹಿಡಿದು ಪಕ್ಕಕ್ಕೆ ಎಳೆದ. ಅವಳು ಮೆಟ್ಟಿಲು ಇಳಿದು ಹೋದಳು.

ಮನೆಯಲ್ಲಿ ತಿಮ್ಮ ಎಲ್ಲ ಕೇಳಿಸಿಕೊಂಡು, ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಅದುಮಿ ಹಿಡಿದುಕೊಂಡು ಹೇಳಿದ. "ಹೋಗ್ಲಿ ಬಿಡು ಮಗಾ. ನಾ ಬರೆದ ಬೋರ್ಡು ಎಷ್ಟಕ್ಕೆ ಸುಣ್ಣ ಬಳಿದ್ರು. ಕೆಲವಕ್ಕೆ ನಾನೇ ಬಳಿದೆ. ಗೋಡೆ ಅವರದ್ದು."

ಚಿರಂತನನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಅವಳಿಗೆ ಆಗ ಬಂತು. "ಇದು ಗೋಡೆಯಲ್ಲ ಅಪ್ಪ! ನಿಂಗೆ ಬೇಡದಿದ್ರೆ ಬೇಡ. ದಿನಾ ಬೆಳಿಗ್ಗೆ ನಿನ್ನ ಎಬ್ಬಿಸಿ ಕೂರಿಸಿದವಳು ನಾನು. ಒಂದೊಂದು ಅಂಚು ತಿದ್ದಿದವಳು ನಾನು. ನನ್ನದೂ ಹೋಗಿದೆ ಅದರಲ್ಲಿ. ನನ್ನ ಪರವಾಗಿ ನೀನು ಹೋಗ್ಲಿ ಬಿಡು ಅನ್ಬೇಡ."

ದ್ಯಾವಮ್ಮ ಬಚ್ಚಲ ಕಡೆ ಮುಖ ಮಾಡಿ ಕೂತಳು. ಪೇಪರು ಸುಟ್ಟಿದ್ದು ತಾನು ಅನ್ನುವುದು ಅವಳ ತಲೆಯಲ್ಲಿ ಓಡುತ್ತಿತ್ತೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅವ್ವನಿಗೆ ಏನಾದರೂ ಹೇಳಬೇಕಿತ್ತು. ದಿವ್ಯಾ ಡಿಸ್ಕನ್ನು ತಲೆಯ ಬಳಿ ಇಟ್ಟುಕೊಂಡು ಮಲಗಿದಳು.

ಅವಳ ಜೊತೆ ಓದಿದ ಸ್ಫೂರ್ತಿ ಯಲ್ಲಾಪುರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಮರುದಿನ ದಿವ್ಯಾ ಡಿಸ್ಕನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಅಲ್ಲಿಗೆ ಹೋದಳು. ಘಾಟಿನ ತಿರುವಿನಲ್ಲಿ ಬಸ್ಸು ಎತ್ತಿ ಹಾಕಿದಾಗಲೆಲ್ಲ ಮಗುವನ್ನು ಹಿಡಿದ ಹಾಗೆ ಅದನ್ನು ಎರಡು ಕೈಯಲ್ಲೂ ಹಿಡಿದಳು.

ಸ್ಫೂರ್ತಿ ಅದನ್ನು ಲ್ಯಾಬಿನ ಕಂಪ್ಯೂಟರಿಗೆ ಎರಡನೆಯ ಡಿಸ್ಕಾಗಿ ಜೋಡಿಸಿ, ಅಳಿಸಿದ ಫೈಲು ಹುಡುಕುವ ಸಾಫ್ಟ್‌ವೇರ್ ಓಡಿಸಿದಳು. "ಫಾರ್ಮ್ಯಾಟ್ ಮಾಡಿದ್ರೆ ಎಲ್ಲ ಹೋಗ್ತದೆ ಅಂತ ಇಲ್ಲ ಕಣೆ. ಯಾವ ಫೈಲು ಎಲ್ಲಿದೆ ಅನ್ನೋ ಪಟ್ಟಿ ಮಾತ್ರ ಹೋಗೋದು. ಮೇಲೆ ಬೇರೆ ಏನೂ ಬರೀದಿದ್ರೆ ಸಿಗ್ತದೆ."

ದಿವ್ಯಾಳ ಎದೆ ಹಗುರಾಯಿತು. ಆದರೆ ಪರದೆಯ ಮೇಲೆ ಬಂದದ್ದೆಲ್ಲ ಸಿನಿಮಾ. ಹಾಡು. ಆಟ. ಮತ್ತೆ ಸಿನಿಮಾ. ಸ್ಫೂರ್ತಿ ಹುಬ್ಬು ಗಂಟಿಕ್ಕಿದಳು.

"ಇದನ್ನ ಯಾರೇ ತುಂಬಿದ್ದು? ತುದಿ ತನಕ ತುಂಬಿದಾರೆ. ಒಂದಿಂಚು ಜಾಗ ಬಿಟ್ಟಿಲ್ಲ."

"ಚಿರಂತನ. ಹಾಡು ಕೇಳ್ತಾ ಇದ್ದ."

"ಹಾಡು ಕೇಳ್ಲಿಕ್ಕೆ ಇಷ್ಟು ಸಿ.ಡಿ. ಕಾಪಿ ಮಾಡ್ತಾರಾ? ಇಡೀ ದಿನ ಕೂತಿರ್ಬೇಕು ಇದಕ್ಕೆ."

ಸಂಜೆಯ ಹೊತ್ತಿಗೆ ಸಿಕ್ಕಿದ್ದು ಬೆರಳೆಣಿಕೆಯ ಚಿತ್ರಗಳು. 'ಕ' ಪೂರ್ತಿ ಇತ್ತು. 'ಮ'ಕ್ಕೆ ತಲೆಕಟ್ಟು ಇತ್ತು, ಒಡಲು ಇರಲಿಲ್ಲ. 'ಳ' ಅರ್ಧದವರೆಗೆ ಬಂದು, ಕೆಳಗೆ ಬೂದು ಬಣ್ಣ. ಅಪ್ಪನ ಅಕ್ಷರವನ್ನು ಯಾರೋ ಕುಡುಗೋಲಿನಿಂದ ಕೊಯ್ದ ಹಾಗೆ.

ಸ್ಫೂರ್ತಿ ಕುರ್ಚಿ ಹಿಂದಕ್ಕೆ ತಳ್ಳಿ ಕೇಳಿದಳು. "ಡಿಗೆ ನೀನು ಹೆಸರು ಕೊಟ್ಟಿದ್ಯಾ? ಲೇಬಲ್ಲು?"

"ಕೊಟ್ಟಿದ್ದೆ. ತಿಮ್ಮ ಅಂತ. ಇಂಗ್ಲಿಷಲ್ಲಿ. ಯಾಕೆ?"

ಸ್ಫೂರ್ತಿ ಲ್ಯಾಬಿನ ಮೂಲೆಯ ಹಳೆಯ ಮಷೀನಿಗೆ ಫ್ಲಾಪಿ ಹಾಕಿ ಶುರು ಮಾಡಿದಳು. ಕಪ್ಪು ಪರದೆ ಬಂತು. ಎಫ್‌ಡಿಸ್ಕ್ ಅಂತ ಟೈಪ್ ಮಾಡಿದಳು, ಚಿರಂತನ ಡಿಯನ್ನು ತೆಗೆದಿದ್ದು ಅದರಿಂದಲೇ ಇರಬೇಕು. ಪಾರ್ಟಿಷನ್ ಅಳಿಸುವ ಜಾಗಕ್ಕೆ ಹೋಗಿ ಡಿ ಒತ್ತಿದಳು. ಪರದೆ ಒಂದು ಸಾಲು ಕೇಳಿ ನಿಂತಿತು.

"ಓದು."

ದಿವ್ಯಾ ಓದಿದಳು. ಅಳಿಸಬೇಕಾದ ಡ್ರೈವಿನ ಹೆಸರನ್ನು ಟೈಪ್ ಮಾಡು ಅಂತ ಅದು ಕೇಳುತ್ತಿತ್ತು.

"ಸುಮ್ಮನೆ ಎಂಟರ್ ಒತ್ತಿದ್ರೆ ಆಗೋದಿಲ್ಲ" ಅಂದಳು ಸ್ಫೂರ್ತಿ. "ತಪ್ಪು ಹೆಸರು ಕೊಟ್ರೂ ಆಗೋದಿಲ್ಲ. ಹೆಸರನ್ನ ಅಕ್ಷರ ಅಕ್ಷರ ಟೈಪ್ ಮಾಡ್ಬೇಕು. ಆಮೇಲೆ ಇನ್ನೊಂದ್ಸಲ ಕೇಳ್ತದೆ, ಖಂಡಿತವಾ ಅಂತ. ಅದಕ್ಕೂ ವೈ ಒತ್ಬೇಕು."

ದಿವ್ಯಾ ಪರದೆಯನ್ನೇ ನೋಡುತ್ತ ಕೂತಳು. ಗೊತ್ತಿಲ್ಲದೆ ಮಾಡಿದ ಪೆದ್ದ ಅಂತ ಅವನನ್ನು ಮನಸ್ಸಿನಲ್ಲೇ ಬೈದಿದ್ದಳು. ಪೆದ್ದತನದಿಂದ ಯಾರೂ ಅಪ್ಪನ ಹೆಸರನ್ನು ಟೈಪ್ ಮಾಡಿ ಅಪ್ಪನನ್ನು ಅಳಿಸುವುದಿಲ್ಲ. ಮತ್ತೆ ಅದರ ಮೇಲೆ ಇಡೀ ದಿನ ಕೂತು ಸಿನಿಮಾ ತುಂಬುವುದಿಲ್ಲ.

"ಯಾಕೆ ಮಾಡಿದ ಅಂತ?" ಅಂದಳು ಸ್ಫೂರ್ತಿ.

ಅದು ದಿವ್ಯಾಗೂ ಗೊತ್ತಿರಲಿಲ್ಲ.

ಡಿಸ್ಕನ್ನು ಅನಂತಮೂರ್ತಿಯ ಮೇಜಿನ ಮೇಲಿಟ್ಟು, ನಾಳೆಯಿಂದ ಬರುವುದಿಲ್ಲ ಅಂತ ಹೇಳಿ ಬಂದಳು. ಚಿರಂತನ ಅಂಗಡಿಯಲ್ಲಿ ಇರಲಿಲ್ಲ, ಅದು ಅವನ ಪುಣ್ಯ. ಬೇರೆ ಕೆಲಸ ನೋಡಬೇಕಿತ್ತು. ಆ ವಾರವೇ ಪ್ರೆಸ್ಸುಗಳಲ್ಲಿ ಕೇಳಿಕೊಂಡು ಬರೋಣವೆಂದು ಸಿದ್ದಾಪುರದ ಬಸ್ಸು ಹತ್ತಿದಳು.

ಸಿದ್ದಾಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ತಲೆ ಎತ್ತಿದರೆ, ಎದುರಿನ ಗೋಡೆಯ ಮೇಲೆ ಕಬಡ್ಡಿ ಪಂದ್ಯಾವಳಿಯ ಪೋಸ್ಟರು. 'ಹೇರೂರು ಗೆಳೆಯರ ಬಳಗ' ಅಂತ ದೊಡ್ಡದಾಗಿ ಅಚ್ಚಾಗಿತ್ತು. ಆ 'ಳ' ಒಂದು ಸುತ್ತು ಹಾಕಿ, ಬಾಲ ಮೇಲೆತ್ತಿ ನಿಂತಿತ್ತು.

ಮೊದಲಿಗೆ ಅವಳಿಗೆ ಖುಷಿಯೇ ಆಯಿತು. ಕಾಣೆಯಾದವರು ಪೇಟೆಯಲ್ಲಿ ಎದುರಾದ ಹಾಗೆ. ಹತ್ತಿರ ಹೋಗಿ ಕೈಯಿಂದ ಮುಟ್ಟಿ ನೋಡಿದಳು. ಆಮೇಲೆ ಕೆಳಗೆ ಅಚ್ಚಾಗಿದ್ದ ಪ್ರೆಸ್ಸಿನ ಹೆಸರು ಓದಿದಳು. ಆ ಪ್ರೆಸ್ಸಿಗೆ ಅವಳು ಅಕ್ಷರ ಕೊಟ್ಟೇ ಇರಲಿಲ್ಲ. ಖುಷಿ ಅಲ್ಲೇ ಸುಟ್ಟು ಹೋಯಿತು.

ಪ್ರೆಸ್ಸಿನ ಬಸಪ್ಪ ಹಾವೇರಿ ಕಡೆಯವನು. "ಬರ್ರಿ, ಕುಂದರ್ರಿ" ಅಂತ ಸ್ಟೂಲು ಎಳೆದ. ಪೋಸ್ಟರಿನ ಅಕ್ಷರ ಎಲ್ಲಿಂದ ಬಂತು ಅಂತ ಕೇಳಿದ್ದಕ್ಕೆ ಮುಖ ಅರಳಿತು. "ಚಲೋ ಅದಾವಲ್ರೀ? ಎಲ್ಲಾರೂ ಕೇಳಾಕತ್ತಾರ. ಶಿರಸಿಯ ಚಿರಂತನ ಅಂತ ಹುಡುಗ, ತಾನ ಬರದು ಮಾಡ್ಯಾನಂತ. ಫ್ಲಾಪಿಯೊಳಗ ತಂದು ಹಾಕಿಕೊಟ್ಟು ರೊಕ್ಕಾ ಒಯ್ದ." ಕಂಪ್ಯೂಟರು ತೋರಿಸಿದ. ಫಾಂಟುಗಳ ಪಟ್ಟಿಯಲ್ಲಿ ಅವಳು ಕಟ್ಟಿದ ಫಾಂಟಿಗೆ 'ಚಿರು' ಅಂತ ಹೆಸರಿತ್ತು.

"ಯಾವಾಗ ಕೊಟ್ಟ?"

"ದೀಪಾವಳಿಗಿಂತ ಮೊದಲ ರೀ."

ದೀಪಾವಳಿ ಅಂದರೆ ಅವಳು ಹುಬ್ಬಳ್ಳಿಗೆ ಹೋಗುವುದಕ್ಕಿಂತ ಎಷ್ಟೋ ಮೊದಲು. ಮೊದಲು ಕದ್ದ, ಮಾರಿದ, ಆಮೇಲೆ ಮೂಲ ಇಲ್ಲದ ಹಾಗೆ ಮಾಡಿದ. ಮೂಲ ಇಲ್ಲದಿದ್ದರೆ ಯಾರ ಅಕ್ಷರ ಅಂತ ಯಾರು ಕೇಳುತ್ತಾರೆ?

ದಿವ್ಯಾ ಬಸಪ್ಪನಿಗೆ ಎಲ್ಲವನ್ನೂ ಹೇಳಿದಳು. ಅವನು ನಂಬಿದನೋ ಬಿಟ್ಟನೋ, ಫ್ಲಾಪಿಗೆ ಕಾಪಿ ಮಾತ್ರ ಮಾಡಿಕೊಟ್ಟ. "ನನಗ್ಯಾಕ್ರೀ ನಿಮ್ಮ ಜಗಳ" ಅಂದ.

ಶಿರಸಿಗೆ ವಾಪಸು ಬಂದವಳು ಮನೆಗೆ ಹೋಗಲಿಲ್ಲ. ಬಸ್ ಸ್ಟ್ಯಾಂಡಿನಿಂದ ನೇರ ಅಂಗಡಿಗೆ ನಡೆದಳು. ಮಾವ ಅಳಿಯ ಇಬ್ಬರೂ ಇದ್ದರು. ಗಿರಾಕಿ ಯಾರೂ ಇರಲಿಲ್ಲ. ಇದ್ದಿದ್ದರೂ ಅವಳು ತಡೆಯುತ್ತಿರಲಿಲ್ಲ.

"ಡಿ ಡಿಲೀಟ್ ಮಾಡುವಾಗ ಕಂಪ್ಯೂಟರ್ ಹೆಸರು ಕೇಳಿತ್ತಲ್ಲ," ಅಂದಳು, ಚಿರಂತನನ ಎದುರು ನಿಂತು. "ತಿಮ್ಮ ಅಂತ ಹೊಡೆದ್ಯಾ, ಎಕ್ಕಂಬಿ ತಿಮ್ಮ ಅಂತ ಹೊಡೆದ್ಯಾ?"

"ಬರೀ ತಿಮ್ಮ ಅಂತ ಇತ್ತು" ಅಂದುಬಿಟ್ಟ ಚಿರಂತನ.

ಅಂದ ಮೇಲೆ ಅವನ ಬಾಯಿ ಹಾಗೆಯೇ ತೆರೆದುಕೊಂಡಿತು. ದಿವ್ಯಾ ಅನಂತಮೂರ್ತಿಯ ಕಡೆ ತಿರುಗಿದಳು. "ಕೇಳಿದ್ರಾ ಸರ್? ವೈರಸ್ ಅಂದ ನಿಮ್ಮ ಹತ್ರ. ಡಿಯಲ್ಲಿ ಯಾರಿದ್ರು ಅಂತ ಗೊತ್ತಿದ್ದೇ, ಅವರ ಹೆಸರು ಟೈಪ್ ಮಾಡಿಯೇ ಅಳಿಸಿದ್ದು ಇವನು. ಅಕ್ಷರ ಎಲ್ಲ ಸಿದ್ದಾಪುರದಲ್ಲಿ ಪೋಸ್ಟರ್ ಆಗಿ ನಿಂತಿದೆ. ಚಿರು ಅಂತ ಹೆಸರಿಟ್ಟು ಮಾರಿದಾನೆ." ಫ್ಲಾಪಿಯನ್ನು ಮೇಜಿನ ಮೇಲೆ ಬಡಿದಳು.

ಅನಂತಮೂರ್ತಿ ಕನ್ನಡಕ ತೆಗೆದ. ಒರೆಸಲಿಲ್ಲ. "ಹೌದನೋ?"

ಚಿರಂತನನಿಗೂ ಸಿಟ್ಟು ಬಂತು. "ಆ ಡಿಸ್ಕ್ ಹೇಗೂ ಸಾಯ್ತಾ ಇತ್ತು. ಬ್ಯಾಡ್ ಸೆಕ್ಟರ್ ತುಂಬಿ ಇವತ್ತೋ ನಾಳೆಯೋ ನಿಲ್ತಿತ್ತು. ನಾನು ತಗೊಂಡಿದ್ದಕ್ಕೇ ಅಕ್ಷರ ಉಳೀತು. ಇಲ್ದಿದ್ರೆ ಈಗ ಇವಳ ಹತ್ರ ಎಂತ ಇರ್ತಿತ್ತು? ಹೇಳ್ಲಿ!"

ದಿವ್ಯಾಗೆ ಮೈಯೆಲ್ಲ ಉರಿಯಿತು. ಉರಿದದ್ದು ಆ ಮಾತು ಸುಳ್ಳಾಗಿದ್ದಕ್ಕಲ್ಲ. ಅದು ನಿಜವಾಗಿತ್ತು. ಅಪ್ಪನ ಅಕ್ಷರಗಳಲ್ಲಿ ಉಳಿದದ್ದೆಲ್ಲ ಈಗ ಈ ಕಳ್ಳನ ಕೈಯಿಂದ ಬಂದ ಒಂದು ಫ್ಲಾಪಿಯೊಳಗಿತ್ತು. ಅದಕ್ಕೆ ಅವನಿಗೆ ಕೃತಜ್ಞಳಾಗಿರಬೇಕು ಅನ್ನುವ ಹಾಗೆ ಅವನು ನಿಂತಿದ್ದ.

"ಉಳಿಸಬೇಕು ಅಂತ ಇದ್ದವನು ನನಗೊಂದು ಕಾಪಿ ಕೊಡ್ತಿದ್ದೆ" ಅಂದಳು. "ನೀನು ಉಳಿಸಿದ್ದು ನಿನಗೆ. ನನಗೆ ಸಿನಿಮಾ ತುಂಬಿಕೊಟ್ಟೆ. ಎಷ್ಟು ಕಡೆ ಕೊಟ್ಟಿದೀಯ?"

ಅನಂತಮೂರ್ತಿ ಅವನ ಬಾಯಿಂದ ಹೇಳಿಸಿದ. ಸಿದ್ದಾಪುರ, ಯಲ್ಲಾಪುರ, ಇಲ್ಲೇ ಶಿರಸಿಯಲ್ಲಿ ಇನ್ನೊಂದು ಪ್ರೆಸ್ಸು.

"ಫೋನ್ ಮಾಡ್ಲಿ," ಅಂದಳು ದಿವ್ಯಾ. "ಒಬ್ಬೊಬ್ಬರಿಗೂ. ನನ್ನ ಎದುರೇ. ಯಾರ ಅಕ್ಷರ ಅಂತ ಹೇಳ್ಲಿ."

"ದಿವ್ಯಾ, ಮನೆ ಮಾತು ಮನೇಲೇ..." ಅನಂತಮೂರ್ತಿ ಶುರು ಮಾಡಿದ.

"ಇದು ನಿಮ್ಮ ಮನೆ ಸರ್. ನನ್ನ ಮನೆ ಎಕ್ಕಂಬೀಲಿದೆ. ಸಿ.ಡಿ. ಡ್ರೈವ್ ತನ್ನಿ ತನ್ನಿ ಅಂತ ನಿಮ್ಮ ಹತ್ರ ಎಷ್ಟು ಸಲ ಕೇಳಿದೆ ನಾನು? ಇದರಲ್ಲಿ ನಿಮ್ಮದೂ ಪಾಲಿದೆ."

ಅನಂತಮೂರ್ತಿ ಫೋನು ಹತ್ತಿರ ಎಳೆದು ನಂಬರು ತಾನೇ ತಿರುಗಿಸಿ, ರಿಸೀವರನ್ನು ಅಳಿಯನ ಕಡೆ ಚಾಚಿದ. "ಹೇಳು."

ಚಿರಂತನ ಹೇಳಿದ. ಮೊದಲನೆಯ ಸಲ ಗೊಣಗಿದ. ದಿವ್ಯಾ "ಕೇಳ್ಸೋ ಹಾಗೆ" ಅಂದ ಮೇಲೆ ಬಿಡಿಸಿ ಹೇಳಿದ, ಈ ಅಕ್ಷರ ತನ್ನದಲ್ಲ, ಎಕ್ಕಂಬಿಯ ತಿಮ್ಮನವರು ಬರೆದದ್ದು, ಅವರ ಮಗಳು ದಿವ್ಯಾ ಕಟ್ಟಿದ್ದು ಅಂತ. ಸಿದ್ದಾಪುರದ ಲೈನಿನಲ್ಲಿ ಬಸಪ್ಪನ ದೊಡ್ಡ ದನಿ ಹೊರಗೂ ಕೇಳಿಸಿತು. "ಯಾರದರ ಇರ್ಲಿ ಬಿಡೋ ತಮ್ಮಾ, ನಮಗ ಅಕ್ಷರ ಚಂದ ಇದ್ರ ಆತು!"

ಅಷ್ಟಕ್ಕೇ ಎಲ್ಲ ಮುಗಿಯಿತು. ಆಕಾಶ ಬೀಳಲಿಲ್ಲ. ದಿವ್ಯಾ ಫ್ಲಾಪಿ ಎತ್ತಿಕೊಂಡು ಹೊರಟಳು. ಮೆಟ್ಟಿಲು ಇಳಿಯುವಾಗ ಸಿಟ್ಟು ಇಳಿದೀತು ಅಂದುಕೊಂಡಿದ್ದಳು. ಇಳಿಯಲಿಲ್ಲ.

ಸ್ಫೂರ್ತಿಯ ಲ್ಯಾಬಿನಲ್ಲಿ ಕೂತು ಮೊದಲು ಅದನ್ನು ಸಿ.ಡಿ.ಗೆ ಬರೆಸಿ, ಒಂದನ್ನು ಅಲ್ಲೇ ಕಪಾಟಿನಲ್ಲಿ ಬಿಟ್ಟು ಒಂದನ್ನು ತಾನು ಇಟ್ಟುಕೊಂಡಳು. 'ಚಿರು' ಅನ್ನುವ ಹೆಸರು ತೆಗೆದು ಅಪ್ಪನ ಹೆಸರು ಹಾಕಿದಳು. ಆಮೇಲೆ ತೆರೆದು ನೋಡಿದರೆ ಚಿರಂತನ ಕದ್ದದ್ದು ದೀಪಾವಳಿಯ ಹಿಂದಿನದು. ಆಗ ಒತ್ತಕ್ಷರಗಳು ಅರ್ಧವೂ ಆಗಿರಲಿಲ್ಲ. 'ಜ್ಞ' ಇಲ್ಲ, 'ಷ್ಣ' ಇಲ್ಲ, 'ತ್ಸ' ಇಲ್ಲ. ಅವೆಲ್ಲ ಸಿನಿಮಾಗಳ ಅಡಿಯಲ್ಲಿ ಹೂತು ಹೋಗಿದ್ದವು.

ಒಂದು ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಪೇಪರು ಹಾಸಿ, ಬಣ್ಣ ಕಲಸಿ, ಅಪ್ಪನ ಬ್ರಶ್ಶು ತಾನೇ ಹಿಡಿದು ಕೂತಳು. ತಿಮ್ಮ ಕಂಬಕ್ಕೆ ಒರಗಿ ನೋಡುತ್ತಿದ್ದ. ಮೊದಲ 'ಷ್ಣ' ಕುಂಟಿತು. ಹರಿದು ಬಿಸಾಕಿದಳು. ಎರಡನೆಯದೂ ಕುಂಟಿತು. ಚಿರಂತನ ಕಾಲು ಚಾಚಿ ಕೂತಿದ್ದು ಕಣ್ಣಿಗೆ ಕಟ್ಟಿತು, ಹಲ್ಲು ಕಡಿದು ಮತ್ತೊಂದು ಪೇಪರು ಎಳೆದಳು.

"ಕೈ ಬಿಗಿ ಹಿಡಿದೀಯ" ಅಂದ ತಿಮ್ಮ.

"ಸಿಟ್ಟು ಬಂದಿದೆ ಅಪ್ಪ."

"ಗೊತ್ತಾಗ್ತದೆ. ಬ್ರಶ್ಶಿಗೂ ಗೊತ್ತಾಗ್ತದೆ." ಕಂಬ ಬಿಟ್ಟು ಹತ್ತಿರ ಸರಿದು ಹೇಳಿದ. "ನಂಗೂ ಬಂದಿತ್ತು, ಆವತ್ತು. ನಿನ್ನ ಎದುರು ತೋರ್ಸ್ಲಿಲ್ಲ."

ದಿವ್ಯಾ ತಲೆ ಎತ್ತಿ ಅವನ ಮುಖ ನೋಡಿದಳು. ಅವನು ಪೇಪರನ್ನೇ ನೋಡುತ್ತಿದ್ದ.

"ನನ್ನ ಹಾಗೆ ಬರೀಬೇಡ" ಅಂದ. "ನನ್ನ ಹಾಗೆ ಬರೀಲಿಕ್ಕೆ ಹೋಗಿಯೇ ಕುಂಟ್ತಾ ಇರೋದು. ನಿನ್ನ ಕೈಯಲ್ಲಿ ಬರೋ ಹಾಗೆ ಬರಿ."

"ಉಳಿದದ್ದಕ್ಕೆ ಹೊಂದೋದಿಲ್ಲ."

"ಹೊಂದದಿದ್ರೆ ಬೇಡ."

ಅವಳು ಬ್ರಶ್ಶು ಅದ್ದಿ, ಒತ್ತಿ ಎಳೆದಳು. ಗೆರೆ ದಪ್ಪಗೆ ಬಂತು, ಅಪ್ಪನದಕ್ಕಿಂತ ಒರಟು. ಒಳಗಿನಿಂದ ಬಂದ ದ್ಯಾವಮ್ಮ ಬಿಸಾಕಿದ ಪೇಪರುಗಳನ್ನು ಆಯ್ದು, ಮಡಿಕೆ ಬಿಡಿಸಿ, ಬಚ್ಚಲಿಗೆ ಒಯ್ಯದೆ ಮಂಚದ ಅಡಿಯ ಪೆಟ್ಟಿಗೆಯಲ್ಲಿ ಇಡತೊಡಗಿದಳು. ದಿವ್ಯಾ ಮುಂದಿನ ಅಕ್ಷರಕ್ಕೆ ಪೇಪರು ಹಾಸಿದಳು.